ಕತ್ತು ಲಟಕ್ ಅನ್ನಿಸಿಕೊಳ್ಳುವ ಮೊದಲು

ಮೆಣಸು ಕೊಯ್ದು ಮುಗಿಸುವ ಹೊತ್ತಿಗೆ ನಮ್ಮ ಕೊಡಗಿನಲ್ಲಿ ಎಷ್ಟೋ ಜನರ ಕತ್ತು ಹಿಡಿದುಕೊಂಡಿರುತ್ತದೆ. ಏಣಿ ಮೇಲೆ ನಿಂತು ದಿನವಿಡೀ ಮೇಲೆ ನೋಡಿದರೆ ಇನ್ನೇನಾಗುತ್ತದೆ? 50 ಕೆಜಿ ಕಾಫಿ ಮೂಟೆ ಎತ್ತಿದವರಿಗೆ ಸೊಂಟ. ಆಮೇಲೆ ಮೊಬೈಲ್‌ನಲ್ಲಿ ಕೈರೋಪ್ರಾಕ್ಟಿಕ್ (ಬೆನ್ನು, ಕತ್ತಿನ ಕೀಲನ್ನು ಕೈಯಿಂದ ಥಟ್ಟನೆ ಒತ್ತಿ ತಿರುಗಿಸುವ ಚಿಕಿತ್ಸೆ) ವಿಡಿಯೋ ನೋಡಿ, ಲಟಕ್ ಅಂದರೆ ಸಾಕು ನೋವು ಹೋಯಿತು ಅಂತ ಮೈಸೂರಿಗೋ ಬೆಂಗಳೂರಿಗೋ ಹೊರಟುಬಿಡುತ್ತಾರೆ.

ಆ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆ ಏಳುವ ಸದ್ದು, ಬೆರಳಿನ ನೆಟಿಕೆ ಮುರಿದ ಹಾಗೆಯೇ. 1895ರಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆ ಶುರು ಮಾಡಿದ ಡಿ. ಡಿ. ಪಾಮರ್, ಹೆಚ್ಚುಕಮ್ಮಿ ಎಲ್ಲಾ ಕಾಯಿಲೆಗೂ ಬೆನ್ನುಮೂಳೆಯೇ ಮೂಲ ಅಂದಿದ್ದ. ಅದನ್ನು ಬಿಟ್ಟುಬಿಡಿ. ಇದರಿಂದ ಸೊಂಟ ನೋವಿಗೆ ಸ್ವಲ್ಪ ಆರಾಮ ಸಿಗುವುದು ನಿಜ, ಆದರೆ ವ್ಯಾಯಾಮದಿಂದ ಸಿಗುವುದಕ್ಕಿಂತ ಜಾಸ್ತಿ ಏನಲ್ಲ.

ಹಾಗಾಗಿ ಮೊದಲು ಮನೆಯಲ್ಲೇ ನೋಡಿ. ಸಾಮಾನ್ಯ ಹಿಡಿತ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಬಿಸಿನೀರಿನ ಚೀಲ ಇಡಿ, ಸುಮ್ನೆ ಮಲಗಿಬಿಡಬೇಡಿ, ತೋಟದಲ್ಲಿ ನಿಧಾನವಾಗಿ ಓಡಾಡಿ.

ಆದರೆ ಕಾಲಿನ ಬಲ ಕಡಿಮೆಯಾದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಕೈರೋಪ್ರಾಕ್ಟಿಕ್ ಮಾತೇ ಬೇಡ, ಅದೇ ದಿನ ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಹೋಗಿ. ಏಣಿಯಿಂದ ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಇವನ್ನೂ ಡಾಕ್ಟರ್‌ಗೆ ತೋರಿಸಿಯೇ ಮುಂದಿನ ಮಾತು.

ಇಷ್ಟೆಲ್ಲಾ ಆಗಿಯೂ ಕೈರೋಪ್ರಾಕ್ಟಿಕ್‌ಗೆ ಹೋಗಬೇಕು ಅನ್ನಿಸಿದರೆ, ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಅಂತ ನೇರವಾಗಿ ಕೇಳಿ. ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿದವರೂ ಇರುತ್ತಾರೆ. ಮೂಳೆ ಸವೆತ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಏನನ್ನೂ ಕೇಳದೆ ಮಲಗಿಸಿ ಒತ್ತಲು ಬಂದರೆ, ಇಲ್ಲವೇ ಮೊದಲ ದಿನವೇ 20 ಸಿಟ್ಟಿಂಗ್‌ಗೆ ದುಡ್ಡು ಕಟ್ಟಿಸಿಕೊಳ್ಳಲು ನೋಡಿದರೆ ಎದ್ದು ಬನ್ನಿ, ಪೆಟ್ರೋಲ್ ದುಡ್ಡು ಹೋದರೆ ಹೋಗಲಿ.

ಕತ್ತಿನ ವಿಷಯದಲ್ಲಿ ನಾನು ಹಟಮಾರಿ. ಕತ್ತನ್ನು ಥಟ್ಟನೆ ತಿರುಗಿಸಿದಾಗ ಮೆದುಳಿಗೆ ರಕ್ತ ಒಯ್ಯುವ ನಾಳ ಸೀಳಿ ಪಾರ್ಶ್ವವಾಯು ಆಗಿರುವುದುಂಟು. ತೀರಾ ಅಪರೂಪ, ಆದರೂ ಕತ್ತು ನಮ್ಮದೇ ಅಲ್ವಾ? ‘ತಿರುಗಿಸಬೇಡಿ, ಕೈಯಲ್ಲಿ ಮೆಲ್ಲಗೆ ಸಡಿಲ ಮಾಡಿ, ವ್ಯಾಯಾಮ ಹೇಳಿಕೊಡಿ’ ಅನ್ನಿ. ಕಟಿಂಗ್ ಶಾಪ್‌ನಲ್ಲಿ ಕೊನೆಗೆ ಪುಕ್ಕಟೆಯಾಗಿ ಕತ್ತು ಮುರಿಯುತ್ತಾರಲ್ಲ, ಅದಕ್ಕೂ ಇದೇ ಉತ್ತರ. ಮಾಡಿಸಿಕೊಂಡ ಮೇಲೆ ಒಂದೆರಡು ದಿನ ಮೈಕೈ ನೋವು ಮಾಮೂಲು. ತಲೆಸುತ್ತು, ಮಾತು ತೊದಲುವುದು, ಎಂದೂ ಇಲ್ಲದಂಥ ತಲೆನೋವು ಮಾಮೂಲಲ್ಲ, ಆಸ್ಪತ್ರೆಗೆ ಓಡಿ.

ವಾಪಸ್ ಬರುವಾಗ ಒಂದೇ ಉಸಿರಿಗೆ ಗಾಡಿ ಓಡಿಸಬೇಡಿ. ಹುಣಸೂರಿನಲ್ಲೊಮ್ಮೆ, ಕುಶಾಲನಗರದಲ್ಲೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ಆಮೇಲೆ ಘಟ್ಟದ ತಿರುವು ಹತ್ತಿ. ಮರುದಿನವೇ ಮೂಟೆಗೆ ಕೈ ಹಾಕಬೇಡಿ, ಹಾಕಲೇಬೇಕಿದ್ದರೆ ಇಬ್ಬರು ಹಿಡಿಯಿರಿ.