ಶಿಬಿರ ಮುಗಿದ ಮರುದಿನದ ಕೆಲಸ

ಸೇವಾ ಕ್ಲಬ್‌ಗಳ ವಾರ್ಷಿಕ ವರದಿಯಲ್ಲಿ ತಪ್ಪದೇ ಒಂದು ಸಾಲಿರುತ್ತದೆ: ಉಚಿತ ನೇತ್ರ ತಪಾಸಣಾ ಶಿಬಿರ ನಡೆಸಲಾಯಿತು, ಇಷ್ಟು ಮಂದಿ ಪ್ರಯೋಜನ ಪಡೆದರು. ಶಿರಸಿಯ ಒಂದು ಕ್ಲಬ್‌ನಲ್ಲಿ ಕಣ್ಣಿನ ಶಿಬಿರಗಳ ಹೊಣೆ ಹೊತ್ತು ಹಲವು ವರ್ಷಗಳಾದ ಮೇಲೆ ನಾನು ಆ ಸಾಲನ್ನು ಬೇರೆ ರೀತಿ ಓದುತ್ತೇನೆ. ಬಂದವರಲ್ಲಿ ಪೊರೆ ಇದ್ದವರು ಎಷ್ಟು? ಅವರಲ್ಲಿ ಶಸ್ತ್ರಚಿಕಿತ್ಸೆಗೆ ಹೊರಟವರು ಎಷ್ಟು? ಮಾಡಿಸಿಕೊಂಡು ಬಂದವರಲ್ಲಿ ಔಷಧವನ್ನು ಕೊನೆಯವರೆಗೂ ಹಾಕಿಕೊಂಡು, ಕನ್ನಡಕ ಪಡೆದು, ಮತ್ತೆ ಅಕ್ಕಿಯಲ್ಲಿ ಕಲ್ಲು ಹೆಕ್ಕುವಂತಾದವರು ಎಷ್ಟು? ಈ ಕೊನೆಯ ಲೆಕ್ಕವೇ ನಮ್ಮ ಕೆಲಸದ ಲೆಕ್ಕ. ತಪಾಸಣೆ ಮಾಡುವವರು ವೈದ್ಯರು, ಶಸ್ತ್ರಚಿಕಿತ್ಸೆ ಮಾಡುವವರೂ ವೈದ್ಯರೇ. ಇವೆರಡರ ನಡುವೆ ಮನೆಯಂಗಳ, ಬಸ್ ನಿಲ್ದಾಣ, ಘಟ್ಟದ ರಸ್ತೆ, ಸಂಕೋಚ, ಭಯ ಇವೆಲ್ಲ ಇವೆಯಲ್ಲ, ಅಲ್ಲಿ ನಡೆಯಬೇಕಾದವರು ನಾವು.

ಸೇವಾ ಕ್ಲಬ್‌ಗಳಿಗೂ ಕಣ್ಣಿಗೂ ಹಳೆಯ ನಂಟಿದೆ. 1917ರಲ್ಲಿ ಆರಂಭವಾದ ಲಯನ್ಸ್ ಸಂಸ್ಥೆಯ ಸಮಾವೇಶಕ್ಕೆ 1925ರಲ್ಲಿ ಹೆಲೆನ್ ಕೆಲರ್ ಬಂದು, ಕಣ್ಣಿಲ್ಲದವರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಅಂದಿನಿಂದ ಆ ಕೆಲಸ ಊರೂರಿನ ಕ್ಲಬ್‌ಗಳಿಗೆ ಹರಡಿತು. ನಮ್ಮ ದೇಶದಲ್ಲಿ 1976ರಿಂದ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಪೊರೆ ತೆಗೆದು ಕೃತಕ ಮಸೂರ ಕೂರಿಸುವ ಶಸ್ತ್ರಚಿಕಿತ್ಸೆ ಬಡವರಿಗೆ ಉಚಿತವಾಗಿ ಸಿಗುವ ವ್ಯವಸ್ಥೆಯೂ ಇದೆ. ಹೀಗಿದ್ದೂ ನಮ್ಮ ಹಳ್ಳಿಗಳಲ್ಲಿ ಗೋಡೆ ಹಿಡಿದು ಬಚ್ಚಲಿಗೆ ನಡೆಯುವ ಅಜ್ಜಿಯರು ಇದ್ದಾರೆ ಎಂದರೆ, ಕೊರತೆ ಇರುವುದು ನಡುವಿನ ದಾರಿಯಲ್ಲಿ.

ಮೊದಲು ಕಾಲದ ಮಾತು ಹೇಳುತ್ತೇನೆ. ಕ್ಲಬ್‌ಗಳ ವರ್ಷ ಶುರುವಾಗುವುದು ಜುಲೈ 1ಕ್ಕೆ. ಹೊಸ ಅಧ್ಯಕ್ಷರು, ಹೊಸ ಉತ್ಸಾಹ, ಕೂಡಲೇ ಒಂದು ಶಿಬಿರ ಆಗಬೇಕೆಂಬ ಆಸೆ. ಆದರೆ ಜುಲೈ ಎಂದರೆ ಮಲೆನಾಡಿನಲ್ಲಿ ಮಳೆ ಧೋ ಎಂದು ಸುರಿಯುವ ತಿಂಗಳು. ಮತ್ತಿಘಟ್ಟದ ಕಡೆಯಿಂದಲೋ ವಾನಳ್ಳಿಯ ಆಚೆಯಿಂದಲೋ ಕಣ್ಣು ಮಂಜಾದ ಮುದುಕರು ಹಳ್ಳದ ಮೇಲಿನ ಕಾಲುಸಂಕ ದಾಟಿ ಬರಬೇಕು ಎಂದು ಬಯಸುವುದೇ ಅನ್ಯಾಯ. ದೀಪಾವಳಿ ಕಳೆದು ಅಡಿಕೆ ಗೊನೆಗಳ ಕೊಯ್ಲು ಆರಂಭವಾದರೆ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಕಣ್ಣು ಕಾಣದವರು ಬಿಡುವಾಗಿದ್ದರೂ ಕರೆತರುವ ಮಗ ಅಡಿಕೆ ಮರದ ಬುಡದಲ್ಲಿರುತ್ತಾನೆ, ಸೊಸೆ ರಾತ್ರಿಯವರೆಗೆ ಅಡಿಕೆ ಸುಲಿಯುತ್ತಾಳೆ. ಆದ್ದರಿಂದ ಘಟ್ಟದ ಮೇಲೆ ನಾವು ಎರಡು ಕಾಲ ಆರಿಸಿಕೊಂಡಿದ್ದೇವೆ: ಮಳೆ ಹಿಂದೆ ಸರಿದು ಕೊಯ್ಲು ಶುರುವಾಗುವ ಮುನ್ನ ಸಿಗುವ ಅಕ್ಟೋಬರ್‌ನ ದಿನಗಳು, ಮತ್ತೆ ಅಡಿಕೆ ಕೆಲಸ ಮುಗಿದ ಮೇಲಿನ ಮಾರ್ಚ್. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವ ವರ್ಷ ಮಾರ್ಚ್‌ನ ದಿನಗಳನ್ನು ಮುಂದೂಡುತ್ತೇವೆ, ಏಕೆಂದರೆ ಶಿರಸಿಯಲ್ಲಿ ಆಗ ವಾಹನ ಸಿಗುವುದಿಲ್ಲ.

ಕರಾವಳಿಯ ಲೆಕ್ಕ ಬೇರೆ. ಅಂಕೋಲಾ, ಕಾರವಾರದ ಕಡೆಯ ಗೆಳೆಯರೊಂದಿಗೆ ಕೈಜೋಡಿಸಿದಾಗ ಇದು ನನಗೆ ಸ್ಪಷ್ಟವಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗೆ ಹೋಗುವ ಮಕ್ಕಳು ಮನೆಯಲ್ಲಿರುವ ಕಾಲ ಅದೇ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ಎರಡು ದಿನ ಜೊತೆಯಲ್ಲಿರಲು ಆಗ ಜನ ಸಿಗುತ್ತಾರೆ. ಹಳ್ಳಿಗಳು ಹೆದ್ದಾರಿಗೆ ಹತ್ತಿರವಿರುವುದರಿಂದ ಮಳೆಯಲ್ಲೂ ಓಡಾಟ ಸಾಧ್ಯ. ಅಲ್ಲಿಯ ಶಿಬಿರಗಳಲ್ಲಿ ಇನ್ನೊಂದು ವ್ಯತ್ಯಾಸ ಕಂಡಿದ್ದೇನೆ. ಬಿಸಿಲು, ಗಾಳಿ, ಮರಳಿನಲ್ಲಿ ದುಡಿಯುವವರ ಕಣ್ಣಿನ ಬಿಳಿಭಾಗದ ಮೇಲೆ ಮೂಗಿನ ಕಡೆಯಿಂದ ತೆಳು ಮಾಂಸ ಬೆಳೆದು ಕಪ್ಪುಗುಡ್ಡೆಯತ್ತ ಹಬ್ಬುತ್ತದೆ. ಅದನ್ನೂ ಜನ ಪೊರೆ ಎಂದೇ ಕರೆಯುತ್ತಾರೆ. ಅದು ಹೊರಗಿನ ಬೆಳವಣಿಗೆ, ಪೊರೆಯಾದರೋ ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಎರಡಕ್ಕೂ ಚಿಕಿತ್ಸೆ ಬೇರೆ. ಇದನ್ನು ಸರದಿಯಲ್ಲಿ ನಿಂತಿರುವಾಗಲೇ ಕೊಂಕಣಿಯಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಸ್ವಯಂಸೇವಕ ಇದ್ದರೆ ವೈದ್ಯರ ಮುಂದಿನ ಅರ್ಧ ಗೊಂದಲ ಇಲ್ಲವಾಗುತ್ತದೆ.

ಪ್ರಚಾರಕ್ಕೆ ನಾವು ಬ್ಯಾನರ್ ನಂಬುವುದಿಲ್ಲ. ಯಾರಿಗಾಗಿ ಶಿಬಿರವೋ ಅವರಿಗೆ ಬ್ಯಾನರ್ ಕಾಣುವುದೇ ಇಲ್ಲ. ಬೆಳಗ್ಗೆ ಹಾಲಿನ ಡೇರಿಗೆ ಬರುವವರು, ಸೊಸೈಟಿಗೆ ಬರುವವರು, ನ್ಯಾಯಬೆಲೆ ಅಂಗಡಿಯ ಸರದಿ, ಶಾಲೆಯ ಮಕ್ಕಳು, ಎಲ್ಲಕ್ಕಿಂತ ಹೆಚ್ಚಾಗಿ ಆಶಾ ಕಾರ್ಯಕರ್ತೆಯರು: ಸುದ್ದಿ ಮುಟ್ಟಿಸುವವರು ಇವರು. ಯಾವ ಮನೆಯಲ್ಲಿ ಯಾರು ಎಡವುತ್ತಾರೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿರುವಷ್ಟು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಶಿಬಿರದ ದಿನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲೆಯ ಜಗಲಿಯಲ್ಲಿ ಟೇಪು ಹಿಡಿದು ಆರು ಮೀಟರ್ ಅಳೆದು ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ಅಕ್ಷರ ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿದ ಗುರುತುಗಳ ಫಲಕ. ತೆರೆದ ಬಾಯಿ ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಒಂದು ಕಣ್ಣು ಮುಚ್ಚುವಾಗ ಬೆರಳುಗಳ ಸಂದಿಯಿಂದ ಇಣುಕದಂತೆ ಅಂಗೈ ಬಟ್ಟಲು ಮಾಡಿ ಮುಚ್ಚಲು ಹೇಳಬೇಕು. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ದೃಷ್ಟಿ ಮಂಜಾಗಿರುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕ್ ಓಡಿಸಿಕೊಂಡು ಬಂದವರಿಂದ ಕೀಲಿ ಪಡೆದು ಇಟ್ಟುಕೊಳ್ಳುವುದೇ ಕ್ಷೇಮ. ರಕ್ತದೊತ್ತಡ, ಸಕ್ಕರೆ ಅಂದೇ ನೋಡಿಸುತ್ತೇವೆ. ಸಕ್ಕರೆ ಏರಿರುವುದು ಆಸ್ಪತ್ರೆಗೆ ಹೋದ ಮೇಲೆ ತಿಳಿದು ಬರಿಗೈಯಲ್ಲಿ ಮರಳಿದವರು ಎರಡನೆಯ ಸಲ ಹೊರಡುವುದು ಬಹಳ ಕಷ್ಟ.

ನನ್ನ ಮಟ್ಟಿಗೆ ಆ ದಿನದ ಅತಿ ಮುಖ್ಯ ಕೆಲಸ ನೋಂದಣಿಯ ಮೇಜಿನದು. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಮೂವರು ಇರುವುದು ಸಾಮಾನ್ಯ. ಹೆಸರು, ವಯಸ್ಸು ಬರೆದುಕೊಂಡರೆ ಮುಂದೆ ಯಾರನ್ನೂ ಹುಡುಕಲಾಗದು. ಕೇರಿ, ಮನೆಯ ಗುರುತು, ಪಕ್ಕದ ಮನೆಯವರ ಮೊಬೈಲ್ ಸಂಖ್ಯೆ, ಆ ಊರಿಗೆ ಬಸ್ ಬರುವ ಹೊತ್ತು, ಮನೆಯಲ್ಲಿ ನಿರ್ಧಾರ ಯಾರದು, ಇಷ್ಟನ್ನೂ ಬರೆಯುತ್ತೇವೆ. ಕೊನೆಯದು ವಿಚಿತ್ರವೆನ್ನಿಸಬಹುದು. ಆದರೆ ಮರುದಿನ ನಾವು ಹೋಗಿ ಮಾತನಾಡಬೇಕಾದದ್ದು ಅವರ ಬಳಿಯೇ.

ಪೊರೆ ಇದೆ ಎಂದು ವೈದ್ಯರು ಹೇಳಿದವರ ಮನೆಗೆ ಆ ವಾರವೇ ಹೋಗುತ್ತೇವೆ. ಅಲ್ಲಿ ಕೇಳುವ ಉತ್ತರಗಳು ಹೆಚ್ಚಾಗಿ ಮೂರೇ. "ಇನ್ನೂ ಬಲಿಯಲಿ" ಎನ್ನುವುದು ಮೊದಲನೆಯದು. ಇದಕ್ಕೆ ಕಾರಣವಿದೆ. ಹಿಂದಿನ ಪದ್ಧತಿಯಲ್ಲಿ ಪೊರೆ ಪೂರ್ತಿ ಬಲಿತ ಮೇಲೆಯೇ ಮಸೂರವನ್ನು ತೆಗೆಯುತ್ತಿದ್ದರು, ಬದಲಿ ಮಸೂರ ಇರಲಿಲ್ಲ, ದಪ್ಪ ಸೋಡಾಬುಡ್ಡಿ ಕನ್ನಡಕವೇ ಗತಿ. ಇವರ ಅಪ್ಪ, ಅಜ್ಜಂದಿರು ಕೇಳಿದ ಮಾತು ಅದೇ. ಈಗ ಕೃತಕ ಮಸೂರ ಬಂದ ಮೇಲೆ ಕಾಯುವ ಅಗತ್ಯವಿಲ್ಲ. ತೀರಾ ಬಲಿಯಲು ಬಿಟ್ಟರೆ ಕಣ್ಣಿನ ಒತ್ತಡ ಏರಿ ಇದ್ದ ನೋಟವೂ ಹೋಗಬಹುದು. ಹಿರಿಯರು ಹೇಳಿದ್ದು ಅವರ ಕಾಲಕ್ಕೆ ಸರಿಯಿತ್ತು ಎಂದು ಒಪ್ಪಿಕೊಂಡೇ ಇದನ್ನು ಹೇಳಬೇಕು. "ಕೊಯ್ಲು ಮುಗಿಯಲಿ" ಎಂಬುದು ಎರಡನೆಯದು. ಅದು ನ್ಯಾಯವಾದ ಮಾತು, ದಿನ ಬರೆದುಕೊಂಡು ಬರುತ್ತೇವೆ.

ಮೂರನೆಯದೇ ಕಠಿಣ. ಹುಲೇಕಲ್ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ನನಗೆ ಹೇಳಿದರು: "ತಮ್ಮಾ, ಈ ಮನೆಯೊಳಗೆ ನನಗೆ ಕಣ್ಣು ಮುಚ್ಚಿದರೂ ದಾರಿ ಗೊತ್ತು. ಇನ್ನೆಷ್ಟು ವರ್ಷ ಇರುತ್ತೇನೆ? ಸುಮ್ಮನೆ ಇವರಿಗೆಲ್ಲ ತೊಂದರೆ." ಸೊಸೆ ಬಾಗಿಲ ಬಳಿ ನಿಂತು ಏನೂ ಹೇಳದೆ ಕೇಳುತ್ತಿದ್ದರು. ಮನೆಯವರಿಗೆ ಅಕ್ಕರೆ ಇಲ್ಲವೆಂದಲ್ಲ. ಅಜ್ಜಿಯೇ ತನ್ನ ಅಗತ್ಯವನ್ನು ಎಲ್ಲರ ಅಗತ್ಯಗಳ ಕೊನೆಗೆ ಇಟ್ಟುಬಿಟ್ಟಿದ್ದರು. ಗಂಡಸರು ಇಷ್ಟು ಬೇಗ ಬೇಡ ಎನ್ನುವುದಿಲ್ಲ. ಹೆಂಗಸರು, ಅದರಲ್ಲೂ ಗಂಡನನ್ನು ಕಳೆದುಕೊಂಡವರು, ತಮಗಾಗಿ ಒಂದು ದಿನ ಕೇಳುವುದಕ್ಕೂ ಹಿಂಜರಿಯುತ್ತಾರೆ. ಇದನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನನ್ನ ಮಾತಿನಿಂದ ಅಲ್ಲಿ ಏನೂ ಆಗಲಿಲ್ಲ. ಆದದ್ದು ಅದೇ ಕೇರಿಯ, ಹಿಂದಿನ ವರ್ಷ ಶಸ್ತ್ರಚಿಕಿತ್ಸೆ ಆಗಿದ್ದ ಇನ್ನೊಬ್ಬ ಅಜ್ಜಿಯನ್ನು ಕರೆತಂದಾಗ. ನಾವು ಅಂಗಳದಲ್ಲಿ ಚಹಾ ಕುಡಿಯುತ್ತಿರುವಾಗ ಅವರಿಬ್ಬರೇ ಒಳಗೆ ಕುಳಿತು ಮಾತನಾಡಿದರು. ಕಣ್ಣುಗುಡ್ಡೆಯನ್ನು ಹೊರಗೆ ತೆಗೆದು ಇಡುತ್ತಾರಂತೆ ಹೌದೇ, ಎಚ್ಚರ ಇರುತ್ತದೆಯೇ, ನೋವಾದರೆ ಯಾರನ್ನು ಕರೆಯಬೇಕು, ಬಳೆ ತೆಗೆಯಬೇಕೇ? ವೈದ್ಯರ ಮುಂದೆಯಾಗಲಿ ನನ್ನ ಮುಂದೆಯಾಗಲಿ ಆ ಪ್ರಶ್ನೆಗಳು ಬಾಯಿಂದ ಬರುತ್ತಿರಲಿಲ್ಲ. ಕಣ್ಣುಗುಡ್ಡೆ ತೆಗೆಯುತ್ತಾರೆ ಎಂಬ ಭಯ ಎಷ್ಟು ಮನೆಗಳಲ್ಲಿದೆ ಎಂಬುದು ನನಗೆ ತಿಳಿದದ್ದೇ ಹಾಗೆ. ಅಂದಿನಿಂದ ಮನೆಭೇಟಿಗೆ ಆ ಊರಿನದೇ ಆದ, ಕಣ್ಣು ಮರಳಿ ಪಡೆದ ಒಬ್ಬರನ್ನು ಜೊತೆಗೆ ಕರೆದೊಯ್ಯುವುದನ್ನು ನಿಯಮ ಮಾಡಿಕೊಂಡಿದ್ದೇವೆ. ನಮ್ಮ ಕ್ಲಬ್‌ನ ಸದಸ್ಯರ ಪಟ್ಟಿಯಲ್ಲಿ ಈ ಅಜ್ಜಿಯರ ಹೆಸರಿಲ್ಲ. ಆದರೆ ಅತಿ ಹೆಚ್ಚು ಜನರನ್ನು ಹೊರಡಿಸಿದವರು ಅವರೇ.

ಶಸ್ತ್ರಚಿಕಿತ್ಸೆ ಶಾಲೆಯ ಕೋಣೆಯಲ್ಲಿ ಆಗಬಾರದು, ಆಸ್ಪತ್ರೆಯಲ್ಲೇ ಆಗಬೇಕು. ಹುಬ್ಬಳ್ಳಿಗೆ ಕರೆದೊಯ್ಯುವುದಾದರೆ ನೂರು ಕಿಲೋಮೀಟರ್ ಆಸುಪಾಸಿನ ಪ್ರಯಾಣ. ಬೆಳಗಿನ ಜಾವ ಹೊರಡುವ ವಾಹನದಲ್ಲಿ ಒಬ್ಬ ಮಹಿಳಾ ಸ್ವಯಂಸೇವಕಿ ಇರಲೇಬೇಕು. ಶೌಚಾಲಯಕ್ಕೆ ನಿಲ್ಲಿಸಿ ಎಂದು ಹೇಳಲು ಸಂಕೋಚಪಟ್ಟು ದಾರಿಯುದ್ದಕ್ಕೂ ನೀರು ಕುಡಿಯದೆ ಕೂರುವವರು ಇದ್ದಾರೆ. ಸಕ್ಕರೆ ಕಾಯಿಲೆಯವರು ಹಸಿದಿರಬಾರದು. ಏನು ತಿನ್ನಬೇಕು, ಯಾವ ಮಾತ್ರೆ ತಪ್ಪಿಸಬಾರದು ಎಂಬುದನ್ನು ಆಸ್ಪತ್ರೆಯವರಿಂದ ಮೊದಲೇ ಕೇಳಿ ಬರೆದುಕೊಂಡಿರುತ್ತೇವೆ. ಆಧಾರ್ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳ ಚೀಲ, ಒಂದು ಶಾಲು. ರಾತ್ರಿ ಅಲ್ಲಿಯೇ ಉಳಿಯುವ ಸ್ವಯಂಸೇವಕರೂ ಬೇಕು. ಮರುದಿನ ಬೆಳಗ್ಗೆ ಪಟ್ಟಿ ಬಿಚ್ಚುವ ಹೊತ್ತಿಗೆ ಪರಿಚಯದ ಒಂದು ಮುಖ ಎದುರಿಗಿರಬೇಕು ಎಂಬುದು ನನ್ನ ಹಟ.

ಮನೆಗೆ ಮರಳಿದ ಮೇಲಿನ ವಾರಗಳನ್ನು ಹೆಚ್ಚಿನ ಕ್ಲಬ್‌ಗಳು ಬಿಟ್ಟುಬಿಡುತ್ತವೆ. ನಾವು ಅತಿ ಹೆಚ್ಚು ಶ್ರಮ ಹಾಕುವುದು ಅಲ್ಲಿಯೇ. ಹನಿಯನ್ನು ದಿನಕ್ಕೆ ಇಷ್ಟು ಸಲ ಎಂದು ಆರಂಭಿಸಿ ವಾರವಾರಕ್ಕೆ ಕಡಿಮೆ ಮಾಡುತ್ತಾ ಹೋಗಬೇಕು. ಓದು ಬಾರದವರಿಗೆ ಇದನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಏನು ಪ್ರಯೋಜನ? ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಆಯಾ ದಿನದ ಚೌಕದೊಳಗೆ ಹನಿ ಎಷ್ಟು ಸಲವೋ ಅಷ್ಟು ಚುಕ್ಕೆ ಇಟ್ಟು, ಹಾಕಿದಾಗಲೆಲ್ಲ ಒಂದು ಚುಕ್ಕೆಗೆ ಗೀಟು ಎಳೆಯುವ ಕೆಲಸವನ್ನು ಮೊಮ್ಮಕ್ಕಳಿಗೆ ಒಪ್ಪಿಸುತ್ತೇವೆ. ಮಕ್ಕಳು ಅದನ್ನು ತಪ್ಪಿಸುವುದಿಲ್ಲ. ಎರಡು ಬಾಟಲಿಗಳಿದ್ದರೆ ಒಂದಕ್ಕೆ ದಾರ ಕಟ್ಟುತ್ತೇವೆ. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ ತಾಗಬಾರದು ಎಂದು ಮಾಡಿ ತೋರಿಸುತ್ತೇವೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆಯ ಹೊಗೆ, ದಿನವೂ ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವ ಅಭ್ಯಾಸ ಎರಡೂ ಇವೆ. ವೈದ್ಯರು ಹೇಳುವವರೆಗೆ ಕುತ್ತಿಗೆಯಿಂದ ಕೆಳಗೆ ಮಾತ್ರ ಸ್ನಾನ, ಒಲೆಯ ಮುಂದೆ ಬೇರೆಯವರು. ನೋವು ಹೆಚ್ಚಿದರೆ, ಕಣ್ಣು ಕೆಂಪಾದರೆ, ಕೀವು ಬಂದರೆ, ಕಾಣುತ್ತಿದ್ದದ್ದು ಇದ್ದಕ್ಕಿದ್ದಂತೆ ಮಸುಕಾದರೆ ನಾಳೆ ನೋಡೋಣ ಎನ್ನಬಾರದು, ಅಂದೇ ಫೋನ್ ಮಾಡಬೇಕು. ಆ ಸಂಖ್ಯೆಯನ್ನು ಕ್ಯಾಲೆಂಡರ್‌ನ ಮೇಲೆಯೇ ದೊಡ್ಡದಾಗಿ ಬರೆದಿರುತ್ತೇವೆ. ಅದಕ್ಕೆ ಉತ್ತರಿಸುವವರು ರಾತ್ರಿಯೂ ಉತ್ತರಿಸಬೇಕು.

ಮರುತಪಾಸಣೆಗೆ ಬರುವವರ ವಿಷಯದಲ್ಲಿ ಒಂದು ಸಂತೋಷದ ಬದಲಾವಣೆ ಕಂಡಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಸಿಕ್ಕ ಮೇಲೆ, ಮಗನಿಗೆ ದುಡ್ಡು ಕೇಳದೆ, ತಾವೇ ಅಕ್ಕಪಕ್ಕದವರನ್ನು ಕೂಡಿಕೊಂಡು ಬರುವ ಅಜ್ಜಿಯರು ಹೆಚ್ಚಾಗಿದ್ದಾರೆ.

ಇನ್ನು ಹತ್ತಿರದ ಕನ್ನಡಕ. ಹೆಚ್ಚಾಗಿ ಕೂರಿಸುವ ಕೃತಕ ಮಸೂರ ದೂರದ್ದನ್ನು ಚೆನ್ನಾಗಿ ತೋರಿಸುತ್ತದೆ. ಹೂ ಕಟ್ಟಲು, ಸೂಜಿಗೆ ದಾರ ಪೋಣಿಸಲು, ಪಂಚಾಂಗ ಓದಲು ಕನ್ನಡಕ ಬೇಕು. ಅದನ್ನು ಕೊಡುವುದು ಕಣ್ಣು ಪೂರ್ತಿ ಮಾಗಿದ ಮೇಲೆ, ತಿಂಗಳು ಒಂದೂವರೆ ತಿಂಗಳ ನಂತರ. ಅಷ್ಟರಲ್ಲಿ ಶಿಬಿರದ ಸುದ್ದಿ ಹಳೆಯದಾಗಿ ಕ್ಲಬ್ ಮತ್ತೊಂದು ಕಾರ್ಯಕ್ರಮದಲ್ಲಿ ಮುಳುಗಿರುತ್ತದೆ. ಅದಕ್ಕಾಗಿ ಕನ್ನಡಕದ ಹಣವನ್ನು ಶಿಬಿರದ ಖರ್ಚಿನ ಮೊದಲ ಸಾಲಿನಲ್ಲೇ ತೆಗೆದಿಡುತ್ತೇವೆ. ಶಾಲು, ಹಾರ, ಸ್ಮರಣಿಕೆಗಳನ್ನು ಕೈಬಿಟ್ಟದ್ದು ಇದಕ್ಕೆ ಸಾಕಾಗಿದೆ.

ಹೊಸದಾಗಿ ಸೇರುವ ತರುಣರು ನನ್ನ ಬಳಿ ಬಂದು ಏನು ಮಾಡಬೇಕು ಎಂದು ಕೇಳಿದರೆ ಅವರಿಗೆ ಐದಾರು ಹೆಸರುಗಳಿರುವ ಒಂದು ಹಾಳೆ ಕೊಡುತ್ತೇನೆ. ಒಂದೇ ದಾರಿಯ, ಒಂದೇ ಬಸ್ಸಿನ ಊರುಗಳವರು. ಮೊದಲ ಮನೆಭೇಟಿಯಿಂದ ಕನ್ನಡಕ ಕೊಡುವವರೆಗೆ ಅವರು ಆ ಸ್ವಯಂಸೇವಕರ ಹೊಣೆ. ಹಾಳೆಯ ಕೊನೆಯ ಅಂಕಣ ಎರಡನೆಯ ಕಣ್ಣಿನದು. ಒಂದು ಕಣ್ಣು ಚೆನ್ನಾಯಿತು, ಇನ್ನು ಸಾಕು ಎನ್ನುವವರೇ ಬಹಳ. ಆದರೆ ಮೆಟ್ಟಿಲಿನ ಆಳ, ಕಾಲುಸಂಕದ ಅಂಚು ಸರಿಯಾಗಿ ಅಳತೆಗೆ ಸಿಗಲು ಎರಡೂ ಕಣ್ಣು ಬೇಕು. ಆ ಅಂಕಣ ಖಾಲಿ ಇರುವ ಹೆಸರುಗಳನ್ನು ಮುಂದಿನ ಅಕ್ಟೋಬರ್‌ನ ಪಟ್ಟಿಗೆ ಮೊದಲು ಬರೆಯುತ್ತೇವೆ, ಹೊಸಬರ ಹೆಸರು ಅವರ ನಂತರ.