ಎರೆ ಮಣ್ಣಿನಲ್ಲಿ ಸಾಲ್ವಿಯಾ ಬೆಳೆಸುವುದು

ದಾವಣಗೆರೆ ಬಿಸಿಲಿಗೆ ಸಾಲ್ವಿಯಾ ಹೂಗಿಡ ನಿಲ್ಲೋದಿಲ್ಲ ಅಂತ ಜನ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಬಿಸಿಲಿಗಿಂತ ಮಳೆಗಾಲದಲ್ಲಿ ಬೇರು ಕೊಳೆತು ಸಾಯುವುದೇ ಜಾಸ್ತಿ. ನಮ್ಮ ಹಿತ್ತಿಲಿನದು ಎರೆ ಮಣ್ಣು. ಜೋರು ಮಳೆ ಬಿದ್ದರೆ ಒಳಗಿನ ಹಸಿ ಬೇಗ ಆರುವುದಿಲ್ಲ. ಚಿತ್ರದುರ್ಗದಲ್ಲಿರುವ ನಮ್ಮಕ್ಕನ ಮನೆಯದು ಕೆಂಪು ಮಣ್ಣು, ಅವಳಿಗೆ ಈ ಕಾಟವೇ ಇಲ್ಲ.

ಹಾಗಾಗಿ ಎರೆ ಮಣ್ಣಿನವರು ಮೊದಲು ಒಂದು ಗೇಣು ಎತ್ತರದ ಮಡಿ ಮಾಡಿ. ಕೆಂಪು ಮಣ್ಣು ತಂದು ಹಾಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಗಿಡಕ್ಕೆರಡು ಬೊಗಸೆ ಬೆರೆಸಿ. ಯೂರಿಯಾ ಬೇಡವೇ ಬೇಡ. ಎಲೆ ಸೊಂಪಾಗುತ್ತದೆ, ಕಾಂಡ ಮೆತ್ತಗಾಗಿ ಗಾಳಿಗೆ ಅಡ್ಡ ಬೀಳುತ್ತದೆ, ಹೂ ಮಾತ್ರ ನಾಲ್ಕೇ ನಾಲ್ಕು.

ನರ್ಸರಿಯಲ್ಲಿ ಕುಂಡದಲ್ಲಿಟ್ಟು ಮಾರುವ ಕೆಂಪು ಸಾಲ್ವಿಯಾವನ್ನು ಸಾಮಾನ್ಯವಾಗಿ ಒಂದು ಹಂಗಾಮಿಗೆಂದೇ ಬೆಳೆಸುತ್ತಾರೆ. ವರ್ಷಗಟ್ಟಲೆ ಉಳಿಯಬೇಕೆಂದರೆ ನೀಲಿ ಹೂವಿನ ಫಾರಿನೇಷಿಯಾ, ಇಲ್ಲವೇ ನೇರಳೆ ಹೂವಿನ ಲ್ಯೂಕಾಂತಾ ಕೇಳಿ. ನನಗೆ ಲ್ಯೂಕಾಂತಾ ಮೇಲೇ ಪ್ರೀತಿ. ಮೆಕ್ಸಿಕೋ ಮೂಲದ ಗಿಡ, ಹೂವಿನ ತೆನೆ ಮುಟ್ಟಿದರೆ ಮಕಮಲ್ಲು. ಮೂರು-ನಾಲ್ಕು ಅಡಿ ಹರಡುತ್ತದೆ, ಅಷ್ಟು ಜಾಗ ಬಿಟ್ಟೇ ನೆಡಿ. ಹಗಲು ಚಿಕ್ಕದಾದ ಮೇಲೆ ಮೊಗ್ಗು ಬಿಡುವ ಗಿಡ ಇದು. ಬೇಸಿಗೆಯಲ್ಲಿ ಹೂವಿಲ್ಲ ಅಂತ ಬೈಯಬೇಡಿ, ದೀಪಾವಳಿ ತನಕ ಕಾಯಿರಿ.

ಬೇರು ಹಿಡಿದ ಮೇಲೆ ನೀರು ಕಮ್ಮಿ ಸಾಕು. ಮಧ್ಯಾಹ್ನ ಎಲೆ ಜೋಲು ಬಿದ್ದ ಕೂಡಲೇ ಪೈಪ್ ಹಿಡಿಯಬೇಡಿ. ಸಂಜೆಗೆ ತಾನಾಗೇ ಎದ್ದುಕೊಂಡರೆ ಸರಿ. ಬೆಳಿಗ್ಗೆಯೂ ಜೋತಿದ್ದರೆ ಬೆರಳು ಎರಡು ಗೆಣ್ಣು ಒಳಗಿಟ್ಟು ನೋಡಿ. ಒಣಗಿದ್ದರೆ ನೀರು ಕೊಡಿ. ಹಸಿಯಿದ್ದೂ ಜೋತಿದ್ದರೆ ಬೇರಿಗೇ ಏಟು ಬಿದ್ದಿದೆ ಅಂತ ಅರ್ಥ.

ಕತ್ತರಿ ಹಾಕುವಾಗ ಮಾತ್ರ ಆತುರ ಬೇಡ. ಶಿವರಾತ್ರಿ ಹೊತ್ತಿಗೆ ಹೂ ಮುಗಿದಾಗ ಬುಡದ ಎಲೆಗಳನ್ನು ಸರಿಸಿ ನೋಡಿ. ನೆಲದಿಂದಲೇ ಹೊಸ ಚಿಗುರು ಇಣುಕುತ್ತಿದ್ದರೆ ಹಳೇ ಕಡ್ಡಿಗಳನ್ನು ಧೈರ್ಯವಾಗಿ ಬುಡಕ್ಕೆ ಸವರಿ. ಚಿಗುರು ಕಾಣದಿದ್ದರೆ ಮೇಲಿನ ಮೂರನೇ ಒಂದು ಪಾಲು ಅಷ್ಟೇ ತೆಗೆಯಿರಿ. ಎಲೆಯೇ ಇಲ್ಲದ ಬೋಳು ಕಡ್ಡಿ ಮತ್ತೆ ಚಿಗುರುವ ಭರವಸೆಯಿಲ್ಲ. ಜೂನ್‌ನಲ್ಲಿ ತುದಿ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಆಗಸ್ಟ್ ದಾಟಿದ ಮೇಲೆ ಮುಟ್ಟಬೇಡಿ, ಚಿವುಟಿದಷ್ಟೂ ಹೂ ತಡ.

ಚಿವುಟಿದ್ದನ್ನು ಎಸೆಯುವುದೇಕೆ? ನಾಲ್ಕು ಬೆರಳುದ್ದದ, ಮೊಗ್ಗಿಲ್ಲದ ತುದಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ. ಬೆರಳಲ್ಲಿ ಹೊರಳಿಸಿದರೆ ತುಳಸಿ ಕಡ್ಡಿಯ ಹಾಗೇ ಚೌಕಾಕಾರ, ಎರಡೂ ಒಂದೇ ಕುಟುಂಬ ಅಲ್ವಾ! ಕೆಳಗಿನ ಎಲೆ ಕಿತ್ತು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಮರಳಿನಲ್ಲಿ ಚುಚ್ಚಿ ನೆರಳಲ್ಲಿಡಿ. ಮೂರ್ನಾಲ್ಕು ವಾರ ಬಿಟ್ಟು ಮೆಲ್ಲಗೆ ಎಳೆದು ನೋಡಿ. ಬಿಗಿ ಹಿಡಿದಿದ್ದರೆ ಬೇರು ಬಂದಿದೆ, ಕುಂಡಕ್ಕೆ ಹಾಕಬಹುದು.