ಪೆಟ್ರೋಲಿನ ತೆರಿಗೆ ನಮ್ಮ ವಾರ್ಡಿನ ಚರಂಡಿಗೆ ಬಂದ ದಾರಿ

"ಪೆಟ್ರೋಲಿಗೆ ಇಷ್ಟು ತೆರಿಗೆ ಕೊಡ್ತೇವೆ, ನಮ್ಮ ರಸ್ತೆಗೆ ಏನು ಬಂತು ಮೆಂಬರಕ್ಕ?" ಗ್ರಾಮಸಭೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಕಾಸರಗೋಡಿನ ಗಡಿಭಾಗದಲ್ಲಿ ಈ ಪ್ರಶ್ನೆಗೆ ಖಾರವೂ ಜಾಸ್ತಿ. ತಲಪಾಡಿಯನ್ನೋ ಅಡ್ಕಸ್ಥಳವನ್ನೋ ದಾಟಿದರೆ ಕರ್ನಾಟಕದ ಬಂಕಿನಲ್ಲಿ ದರ ಕಡಿಮೆ. 2023ರ ಏಪ್ರಿಲಿನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸಾಮಾಜಿಕ ಭದ್ರತಾ ಸೆಸ್ ಬೇರೆ ಸೇರಿತು. ಕೆಲಸಕ್ಕೆ ಆಚೆ ಹೋಗಿ ಬರುವವರು ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ಈಚೆ ಬದಿಯಲ್ಲೇ ಹಾಕಿಸುವವರಿಗೆ ಲೆಕ್ಕ ಕೇಳುವ ಹಕ್ಕು ಇದೆ ಅಲ್ವಾ?

ನಾನು ಒಂದು ಅವಧಿಗೆ ವಾರ್ಡು ಮೆಂಬರ್ ಆಗಿದ್ದೆ. ಸುಮ್ನೆ ಸಮಾಧಾನ ಹೇಳಿ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಆ ದುಡ್ಡು ಎಲ್ಲೆಲ್ಲಿ ಹೋಗಿ ಎಲ್ಲಿ ಬರುತ್ತದೆ ಅಂತ ಕೂತು ನೋಡಿದೆ.

ಕೇಂದ್ರದ ಪಾಲು ಮೊದಲು ಹೇಳುತ್ತೇನೆ. ಪೆಟ್ರೋಲಿನ ಅಬಕಾರಿ ಸುಂಕದಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳುವುದು ಮೂಲ ಸುಂಕ ಮಾತ್ರ. 2021ರ ಬಜೆಟಿನಲ್ಲಿ ಅದನ್ನು ಲೀಟರಿಗೆ 1.40 ರೂಪಾಯಿಗೆ ಇಳಿಸಿದರು. ಉಳಿದದ್ದು ಸೆಸ್ ಮತ್ತು ವಿಶೇಷ ಸುಂಕ. ಅದು ಹಂಚಿಕೆಗೆ ಬರುವುದಿಲ್ಲ. ರಸ್ತೆ ಮತ್ತು ಮೂಲಸೌಕರ್ಯ ಸೆಸ್ ಹೆಚ್ಚಾಗಿ ದೊಡ್ಡ ದೊಡ್ಡ ಕಾಮಗಾರಿಗಳಿಗೆ ಹೋಗುತ್ತದೆ.

ಕೇರಳದಲ್ಲಿ ಲೀಟರಿಗೆ 1 ರೂಪಾಯಿಯ ಇನ್ನೊಂದು ಸೆಸ್ ಇದೆ. ಅದು ಕಿಫ್ಬಿಗೆ, ಅಂದರೆ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಗೆ ಸೇರುತ್ತದೆ. ನಂದಾರಪದವಿನಿಂದ ಹೊರಟು ಪಾರಶ್ಶಾಲೆಯ ತನಕ ಹೋಗುವ ಮಲೆನಾಡು ಹೆದ್ದಾರಿಗೆ ದುಡ್ಡು ಕೊಟ್ಟದ್ದು ಈ ಮಂಡಳಿಯೇ. ರಸ್ತೆ ಚೆನ್ನಾಗಿದೆ, ನಾವೂ ಓಡಾಡುತ್ತೇವೆ. ಆದರೆ ಅದರ ಬದಿಯಿಂದ ಒಳಗೆ ಇಳಿಯುವ ಪಂಚಾಯತು ರಸ್ತೆಗೆ ಆ ಒಂದು ರೂಪಾಯಿ ತಲುಪುವುದಿಲ್ಲ.

ನಮಗೆ ತಲುಪುವುದು ಮೂರನೆಯ ದಾರಿಯಲ್ಲಿ. ಪೆಟ್ರೋಲ್, ಡೀಸೆಲ್ ಈಗಲೂ ಜಿಎಸ್‌ಟಿಯ ಹೊರಗೆ ಇವೆ. ಹಾಗಾಗಿ ಅವುಗಳ ಮಾರಾಟ ತೆರಿಗೆ ರಾಜ್ಯದ ಸ್ವಂತ ತೆರಿಗೆ ಆದಾಯದ ದೊಡ್ಡ ಭಾಗ. ಈ ಸ್ವಂತ ಆದಾಯದ ಒಂದು ಪಾಲನ್ನು ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಪಂಚಾಯತುಗಳಿಗೆ ಮೆಂಟೆನೆನ್ಸ್ ಫಂಡ್ ಅಂತ ಕೊಡುತ್ತಾರೆ. ರಸ್ತೆಗೆ ಒಂದು, ರಸ್ತೆಯಲ್ಲದ ಆಸ್ತಿಗೆ ಇನ್ನೊಂದು. ದೊಡ್ಡ ಮೊತ್ತ ಅಲ್ಲ. ಆದರೆ ವರ್ಷ ವರ್ಷ ಬರುತ್ತದೆ. ನಾನು ಹಿಡಿದದ್ದು ಈ ದುಡ್ಡನ್ನೇ.

ಇದಕ್ಕೆ ಒಂದು ಶರತ್ತು ಉಂಟು. ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇರುವ ರಸ್ತೆಗೆ ಮಾತ್ರ ಖರ್ಚು ಮಾಡಬಹುದು. ನಮ್ಮ ವಾರ್ಡಿನಲ್ಲಿ ತೋಟದ ಕಡೆಗೆ ಇಳಿಯುವ ಕೆಲವು ರಸ್ತೆಗಳು ರಿಜಿಸ್ಟರಿನಲ್ಲಿ ಅರ್ಧ ಉದ್ದಕ್ಕೆ ಮಾತ್ರ ಇದ್ದವು. ಜಾಗ ಬಿಟ್ಟುಕೊಟ್ಟವರ ಕಾಗದ ಸಂಗ್ರಹಿಸಿ, ಓವರ್‌ಸಿಯರ್ ಬಂದು ಅಳತೆ ಮಾಡಿ, ಕಮಿಟಿಯಲ್ಲಿ ತೀರ್ಮಾನ ಮಾಡಿಸಿ ಸೇರಿಸಿದೆವು. ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನದು ಯಾವುದೂ ಆಗುವುದಿಲ್ಲ.

ಈಗ ನೀರಿನ ವಿಷಯ. ನಮ್ಮ ಕಡೆ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ ಗುಡ್ಡೆ. ಮಳೆಗಾಲದಲ್ಲಿ ಧಾರಾಳ ಮಳೆ, ಫೆಬ್ರವರಿ ದಾಟಿದರೆ ಬಾವಿಯ ತಳ ಕಾಣುತ್ತದೆ. ಗುಡ್ಡೆಯೊಳಗೆ ಕೊರೆದು ನೀರು ತರುವ ಸುರಂಗ, ಮಳೆನೀರು ನಿಲ್ಲಿಸುವ ಮದಕ, ತೋಡಿಗೆ ಅಡ್ಡ ಹಾಕುವ ಕಟ್ಟ ಎಲ್ಲ ಮಾಡಿಕೊಂಡು ಬಂದವರ ಊರು ಇದು. ಆದರೂ ರಸ್ತೆ ಮಾಡುವಾಗ ನೀರನ್ನು ಮರೆತುಬಿಡುತ್ತೇವೆ. ಚರಂಡಿ ಇಲ್ಲದ ಇಳಿಜಾರು ರಸ್ತೆಯಲ್ಲಿ ನೀರು ರಸ್ತೆಯ ಮೇಲೆಯೇ ಹರಿಯುತ್ತದೆ. ಡಾಮರಿಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ. ಅಂಚು ಕೊರೆದು, ಜಲ್ಲಿ ಎದ್ದು, ಎರಡು ಮಳೆಗಾಲದಲ್ಲಿ ರಸ್ತೆ ಹಳೆಯ ಸ್ಥಿತಿಗೆ ಬರುತ್ತದೆ. ಮತ್ತೆ ಅದೇ ಫಂಡಿನಿಂದ ಅದೇ ಜಾಗಕ್ಕೆ ಡಾಮರು. ತೆರಿಗೆ ಕೊಟ್ಟವರ ದುಡ್ಡು ತೋಡಿಗೆ ಹೋಗಿ, ಅಲ್ಲಿಂದ ಸಮುದ್ರಕ್ಕೆ.

ಅದಕ್ಕೆ ನಾನು ಎಸ್ಟಿಮೇಟಿನಲ್ಲೇ ನೀರನ್ನು ಸೇರಿಸಬೇಕು ಅಂತ ಹಟ ಹಿಡಿದೆ. ಬೇರೆ ಪ್ರಾಜೆಕ್ಟ್ ಅಂತ ಬರೆದರೆ ಅದು ಮುಂದಿನ ವರ್ಷಕ್ಕೆ ಹೋಗುತ್ತದೆ. ರಸ್ತೆ ದುರಸ್ತಿಯ ಜೊತೆಗೇ ಬದಿಯ ಚರಂಡಿ, ಮೋರಿ, ತಿರುವಿನಲ್ಲಿ ನೀರು ಹೊರಗೆ ಬಿಡುವ ಬಾಯಿ, ಇಷ್ಟನ್ನು ಬರೆಸಿದೆವು. ರಸ್ತೆ ಉಳಿಯಲು ಬೇಕಾದ ಕೆಲಸ ಅಂತ ಎಂಜಿನಿಯರಿಗೆ ತೋರಿಸಿಕೊಟ್ಟರೆ ಅವರು ಬೇಡ ಅನ್ನುವುದಿಲ್ಲ. ಮಳೆ ಬರುವಾಗಲೇ ಅವರನ್ನು ಸ್ಥಳಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದು. ಬೇಸಗೆಯಲ್ಲಿ ನೋಡಿದರೆ ನೀರಿನ ದಾರಿ ಯಾರಿಗೂ ಕಾಣುವುದಿಲ್ಲ.

ಇಂಗುಗುಂಡಿಗಳಿಗೆ ದುಡ್ಡು ಬೇರೆ ಕಡೆಯಿಂದ ಬಂತು. ಹದಿನೈದನೇ ಹಣಕಾಸು ಆಯೋಗ 2021ರಿಂದ ಪಂಚಾಯತುಗಳಿಗೆ ಕೊಟ್ಟ ಅನುದಾನದಲ್ಲಿ 60 ಶೇಕಡ ನೀರು ಮತ್ತು ಶುಚಿತ್ವಕ್ಕೇ ಮೀಸಲಾಗಿತ್ತು. ಮಳೆನೀರು ಸಂಗ್ರಹವೂ ಅದರಲ್ಲಿ ಬರುತ್ತಿತ್ತು. ಸಣ್ಣ ಕೃಷಿಕರ ಜಾಗದ ಮಣ್ಣಿನ ಕೆಲಸವನ್ನು ಉದ್ಯೋಗ ಖಾತರಿಯ ಹೆಂಗಸರು ಮಾಡಿದರು. ಎಲ್ಲಿ ನೀರು ಇಂಗುತ್ತದೆ, ಎಲ್ಲಿ ಪಾದೆ (ಬಂಡೆ) ಸಿಗುತ್ತದೆ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗುಂಡಿಗಳ ಜಾಗ ಗುರುತು ಮಾಡಿದ್ದು ಅವರೇ.

ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ಕೆಳಗಿನ ತೋಟದ ಅಣ್ಣ ಒಬ್ಬರು ಖಂಡಿತವಾಗಿ ಹೇಳಿದರು: "ರಸ್ತೆಯ ನೀರೆಲ್ಲ ನನ್ನ ತೋಟಕ್ಕೆ ಬಂದ್ರೆ ಕಣಿ ತುಂಬಿ ಅಡಿಕೆಯ ಬುಡ ಕೊಳೆಯುವುದಿಲ್ವಾ ಮೆಂಬರಕ್ಕ?" ಕಣಿ ಅಂದರೆ ತೋಟದ ನೀರು ಬಸಿದು ಹೋಗುವ ಕಾಲುವೆ. ಅವರ ಮಾತು ನ್ಯಾಯವೇ. ಹಾಗಾಗಿ ಚರಂಡಿಯ ನೀರು ಮೊದಲು ಕೆಸರು ತಂಗುವ ಸಣ್ಣ ಗುಂಡಿಗೆ, ಅಲ್ಲಿಂದ ತೋಟದ ಮೇಲಿನ ಪಡೀಲು (ಪಾಳು) ಜಾಗದ ಹಳೆಯ ಮದಕಕ್ಕೆ, ಮದಕ ತುಂಬಿದರೆ ಮೋರಿಯಲ್ಲಿ ನೇರ ತೋಡಿಗೆ, ಹೀಗೆ ದಾರಿ ಮಾಡಿದೆವು. ತೋಟದ ಕಣಿಯನ್ನು ಮುಟ್ಟಲಿಲ್ಲ. ಅವರು ಕಾಗದಕ್ಕೆ ಸಹಿ ಹಾಕಿದರು. ಮದಕದ ಹೂಳು ತೆಗೆದ ಮೇಲೆ ಅವರ ಬಾವಿಯಲ್ಲಿ ನೀರು ಮೊದಲಿಗಿಂತ ತಡವಾಗಿ ಇಳಿಯುತ್ತದೆ ಅಂತ ಅವರೇ ಎಲ್ಲರಿಗೂ ಹೇಳುತ್ತಾರೆ.

ಒಂದು ಎಚ್ಚರಿಕೆ. ಇಂಗುಗುಂಡಿ ಎಲ್ಲ ಕಡೆ ಒಳ್ಳೆಯದಲ್ಲ. ನಮ್ಮ ಜಿಲ್ಲೆಯಲ್ಲಿ ಮುರಕಲ್ಲಿನ ಅಡಿಯ ಮೆದು ಮಣ್ಣು ನೀರಿನ ಜೊತೆ ಕೊಚ್ಚಿಹೋಗಿ ನೆಲದ ಒಳಗೆ ಕೊಳವೆಯಂಥ ಪೊಳ್ಳು ಆಗುವ ಜಾಗಗಳಿವೆ. ಕಡಿದಾದ ಇಳಿಜಾರು, ಹಿಂದೆ ಮಣ್ಣು ಜರಿದ ಜಾಗ, ಮನೆಯ ಹಿಂಬದಿಯ ಬರೆ (ಕಡಿದ ಮಣ್ಣಿನ ಗೋಡೆ), ಇಲ್ಲೆಲ್ಲ ನೀರು ಇಂಗಿಸಬಾರದು. ಹರಿದು ಹೋಗಲು ಬಿಡಬೇಕು. ಮಣ್ಣು ಸಂರಕ್ಷಣಾ ಇಲಾಖೆಯವರನ್ನು ಕೇಳದೆ ಗುಂಡಿ ತೋಡಿಸಬೇಡಿ.

ಡಾಮರಿನಲ್ಲೂ ಒಂದು ಬದಲಾವಣೆ ಸಾಧ್ಯವಾಯಿತು. ಹರಿತ ಕರ್ಮ ಸೇನೆಯವರು ಮನೆ ಮನೆಯಿಂದ ತರುವ ಪ್ಲಾಸ್ಟಿಕನ್ನು ಚೂರು ಮಾಡಿ, ಬಿಸಿ ಜಲ್ಲಿಗೆ ಬೆರೆಸಿ, ಮೇಲೆ ಡಾಮರು ಹಾಕುವ ಕ್ರಮ ಇದೆ. ಎಸ್ಟಿಮೇಟಿನಲ್ಲಿ ಅದನ್ನೂ ಬರೆಸಿದೆವು.

ಮತ್ತೆ ಪೆಟ್ರೋಲಿನ ತೆರಿಗೆಗೆ ಬರುತ್ತೇನೆ. ಕೆನಡಾದಲ್ಲಿ 2005ರಿಂದ ಒಂದು ವ್ಯವಸ್ಥೆ ನಡೆಯುತ್ತಿದೆ. ಗ್ಯಾಸ್ ಟ್ಯಾಕ್ಸ್ ಫಂಡ್ (ಅಲ್ಲಿ ಗ್ಯಾಸ್ ಅಂದರೆ ಪೆಟ್ರೋಲು) ಅಂತ ಶುರುವಾಯಿತು, 2021ರಲ್ಲಿ ಹೆಸರು ಬದಲಾಯಿತು. ಇಂಧನ ತೆರಿಗೆಯ ಹೆಸರಿನಲ್ಲಿ ಅಲ್ಲಿನ ಕೇಂದ್ರ ಸರಕಾರ ಊರುಗಳಿಗೆ ದುಡ್ಡು ಕೊಡುತ್ತದೆ. ಕುಡಿಯುವ ನೀರು, ಕೊಳಚೆ ನೀರಿನ ಶುದ್ಧೀಕರಣ, ಕಸ, ಬಸ್ಸು, ಊರಿನ ರಸ್ತೆ, ಯಾವುದು ಮೊದಲು ಅಂತ ಊರೇ ತೀರ್ಮಾನ ಮಾಡುತ್ತದೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು ವಿಷಯ. ಒಂದು ವರ್ಷ ಖರ್ಚಾಗದ ದುಡ್ಡನ್ನು ಉಳಿಸಿಟ್ಟು ಮುಂದೆ ದೊಡ್ಡ ಕೆಲಸಕ್ಕೆ ಬಳಸಬಹುದು. ನಮ್ಮಲ್ಲಿ ಮಾರ್ಚ್ ಬಂತು ಅಂದರೆ ಬಿಲ್ಲು ಪಾಸು ಮಾಡಿಸುವ ಓಟ. ಆ ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದು ಚರಂಡಿ.

ನನ್ನ ಬೇಡಿಕೆ ಸಣ್ಣದು. ಲೀಟರಿಗೆ ತೆಗೆದುಕೊಳ್ಳುವ ಆ 1 ರೂಪಾಯಿ ಸೆಸ್ಸಿನಲ್ಲಿ ಹತ್ತು ಪೈಸೆಯನ್ನಾದರೂ ನೇರವಾಗಿ ಪಂಚಾಯತುಗಳಿಗೆ ಕೊಡಲಿ. ನೀರು, ಕಸ, ಚರಂಡಿಗೆ ಮಾತ್ರ ಅಂತ ಶರತ್ತು ಹಾಕಲಿ, ಉಳಿಸಿಡಲು ಅವಕಾಶ ಕೊಡಲಿ. ನಮ್ಮ ಗ್ರಾಮಸಭೆಯಲ್ಲಿ ಇದನ್ನು ನಿರ್ಣಯವಾಗಿ ಬರೆಸಿದ್ದೇವೆ. ಅದು ಆಗುವ ತನಕ ಇರುವ ಫಂಡಿನಲ್ಲೇ ಕೆಲಸ ಮಾಡಬಹುದು. ಮುಂದಿನ ಗ್ರಾಮಸಭೆಗೆ ಹೋಗುವಾಗ ರಸ್ತೆಯ ಹೆಸರು ಮಾತ್ರ ಹೇಳಿ ಕೂರಬೇಡಿ. ಆಸ್ತಿ ರಿಜಿಸ್ಟರಿನಲ್ಲಿ ಅದು ಎಷ್ಟು ಉದ್ದ ಇದೆ ಅಂತ ಕೇಳಿ. ಚರಂಡಿ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯಬೇಕು ಅಂತ ಆಗಲೇ ಬರೆಸಿ. ಟೆಂಡರ್ ಆದ ಮೇಲೆ ಸೇರಿಸಲು ಹೊರಟರೆ ಯಾರೂ ಕೇಳುವುದಿಲ್ಲ.